ಮುತ್ತುಗದ ಹೂವು ಬಣ್ಣದ ಮುದ್ದೆಯಾದದ್ದೇಕೆ?

ಪ್ರಶ್ನೆ: ನಾನು ಶಿರಸಿ ಕಡೆಯವಳು. 24 ಮೆಗಾಪಿಕ್ಸೆಲ್ ಕ್ಯಾಮೆರಾ, 70–300 ಲೆನ್ಸ್ ಇಟ್ಟುಕೊಂಡು ನಾಲ್ಕು ವರ್ಷದಿಂದ ಕಾಡು, ಹಕ್ಕಿ, ಹೂವುಗಳ ಫೋಟೊ ತೆಗೆಯುತ್ತಿದ್ದೇನೆ. ಇದ್ದದ್ದನ್ನು ಇದ್ದ ಹಾಗೇ ತೋರಿಸಿ ಬೇಸರ ಬಂದು, ಬೇರೆ ಥರ ಎಡಿಟ್ ಮಾಡಿ ನೋಡೋಣ ಅಂತ ಫೋನಿನಲ್ಲೇ ಶುರು ಮಾಡಿದೆ. ಕುದುರೆಮುಖದ ಮಂಜಿನ ಬೆಟ್ಟಸಾಲು, ದಾಂಡೇಲಿಯಲ್ಲಿ ಸಿಕ್ಕ ಮಂಗಟ್ಟೆ ಹಕ್ಕಿ, ನಮ್ಮೂರ ಹತ್ತಿರದ ಮುತ್ತುಗದ ಮರ, ಈ ಮೂರು ಚಿತ್ರ ಆರಿಸಿಕೊಂಡೆ. ಫೋನಿನಲ್ಲಿ ನೋಡಿದವರೆಲ್ಲ ಹೊಗಳಿದರು. 12×18 ಇಂಚಿಗೆ ಪ್ರಿಂಟ್ ಹಾಕಿಸಿದರೆ ಬೆಟ್ಟದ ಅಂಚಿಗೆಲ್ಲ ಬಿಳಿ ಗೆರೆ, ಆಕಾಶದಲ್ಲಿ ಪಟ್ಟೆ ಪಟ್ಟೆ, ಹುಲ್ಲು ಪ್ಲಾಸ್ಟಿಕ್ಕಿನ ಹಾಗೆ, ಮುತ್ತುಗದ ಹೂವು ಎಸಳೇ ಕಾಣದ ಕೇಸರಿ ಮುದ್ದೆ. ಸಾಲದ್ದಕ್ಕೆ ಫೋಟೊ ಗೆಳೆಯರೊಬ್ಬರು "ನಿಸರ್ಗದ ಚಿತ್ರವನ್ನು ಮುಟ್ಟುವುದೇ ಮೋಸ" ಅಂದರು. ನಾನು ಎಲ್ಲಿ ತಪ್ಪಿದೆ? ದುಬಾರಿ ಸಾಫ್ಟ್‌ವೇರ್ ಬೇಕೇ ಬೇಕಾ? ಎಷ್ಟರವರೆಗೆ ಕೈಯಾಡಿಸಬಹುದು? ಇಂಥ ಚಿತ್ರಗಳನ್ನು ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಬಹುದಾ?

ಉತ್ತರ: ಪ್ರಿಂಟ್ ನೋಡಿದ ಮೇಲೆ ನಿಮಗೆ ನಿಮ್ಮ ಅಭಿರುಚಿಯ ಮೇಲೇ ಅನುಮಾನ ಬಂದಂತಿದೆ. ಆ ಅನುಮಾನ ಬಿಡಿ. ನೀವು ಬರೆದ ನಾಲ್ಕೂ ತೊಂದರೆಗಳಿಗೆ ತಾಂತ್ರಿಕ ಕಾರಣಗಳಿವೆ, ನಾಲ್ಕಕ್ಕೂ ಪರಿಹಾರವಿದೆ. ಮೂರು ಚಿತ್ರಗಳೂ ಫೋನಿಗೆ ಹೋದದ್ದು ಕ್ಯಾಮೆರಾದ ಜೆಪೆಗ್ ರೂಪದಲ್ಲಿ ಅಂತ ಕಾಣುತ್ತದೆ. ಅಲ್ಲಿಂದಲೇ ಎಡವಟ್ಟು ಶುರು.

ಮೊದಲು ಗೆಳೆಯರ ಮಾತು ಮುಗಿಸಿಬಿಡೋಣ. ಮುಟ್ಟದ ಫೋಟೊ ಅನ್ನುವುದು ಇಲ್ಲ. ಕ್ಯಾಮೆರಾದಿಂದ ನೇರ ಬರುವ ಜೆಪೆಗ್‌ಗೆ ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲವನ್ನೂ ಕ್ಯಾಮೆರಾವೇ ಹಾಕಿ ಕೊಟ್ಟಿರುತ್ತದೆ; ಆ ಮಟ್ಟಿಗೆ ಎಡಿಟ್ ಮಾಡಿದವರು ನೀವಲ್ಲ, ಕಂಪನಿಯ ಎಂಜಿನಿಯರು. ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡುಪ್ರಾಣಿಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಹೆಸರಾದವರು. ಆನೆ ಬೂದು ಬಣ್ಣದ್ದೇ ಇರಬಹುದು, ಅದರ ಹಿಂದಿನ ಕಾಡು ಬೂದು ಅಲ್ಲವಲ್ಲ. ಅದನ್ನು ಯಾರೂ ಮೋಸ ಅನ್ನಲಿಲ್ಲ.

ಆದರೆ ಗೆಳೆಯರ ಮಾತಿನಲ್ಲಿ ಒಂದು ಪಾಲು ನಿಜವಿದೆ, ಅದು ಸ್ಪರ್ಧೆಗೆ ಸಂಬಂಧಿಸಿದ್ದು. ಎಫ್‌ಐಎಪಿ, ಪಿಎಸ್‌ಎ ಎಂಬ ಛಾಯಾಗ್ರಹಣ ಸಂಸ್ಥೆಗಳ ಮಾನ್ಯತೆಯ ಸಲೋನ್‌ಗಳ (ಫೋಟೊ ಸ್ಪರ್ಧೆಗಳ) ನೇಚರ್ ವಿಭಾಗದಲ್ಲಿ ಚಿತ್ರದೊಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಕ್ರಾಪ್ ಮಾಡುವುದನ್ನು ಬಿಟ್ಟರೆ ಬೇರೆ ರೀತಿಯಲ್ಲಿ ತೆಗೆಯುವಂತೆಯೂ ಇಲ್ಲ. ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಅಳಿಸಬಹುದು, ಹಕ್ಕಿಯ ಮುಂದಿನ ಕಡ್ಡಿ ಅಳಿಸಬಾರದು. ಇಡೀ ಚಿತ್ರವನ್ನು ಕಪ್ಪು ಬಿಳುಪು ಮಾಡಬಹುದು. ಹೂವನ್ನು ಮಾತ್ರ ಬಣ್ಣದಲ್ಲಿ ಉಳಿಸಿ ಮಿಕ್ಕಿದ್ದನ್ನು ಬೂದು ಮಾಡಿದರೆ ಹೊರಗೆ. ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ) ಚಿತ್ರವೂ ನಡೆಯದು. ನೀವು ಮಾಡಹೊರಟಿರುವ ಚಿತ್ರಗಳ ಜಾಗ ಓಪನ್ ಅಥವಾ ಕ್ರಿಯೇಟಿವ್ ವಿಭಾಗ. ಅಲ್ಲಿ ಹಾಕಿ, ಹೇಳಿ ಹಾಕಿ, ತಕರಾರಿಲ್ಲ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಕೊನೆಯ ಸುತ್ತಿಗೆ ಬಂದ ಚಿತ್ರಗಳ ಮೂಲ ಫೈಲ್ ಕೇಳುವ ಸ್ಪರ್ಧೆಗಳು ಬಹಳ.

ಆಕಾಶದ ಪಟ್ಟೆ, ಬೆಟ್ಟದ ಬಿಳಿ ಗೆರೆ

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಬೆಳಕಿನ 256 ಮೆಟ್ಟಿಲು, ಕಪ್ಪಿಗೆ 0, ತುಂಬು ಬೆಳಕಿಗೆ 255. ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟುಕೊಳ್ಳುವ 14 ಬಿಟ್‌ನ ರಾ ಫೈಲಿನಲ್ಲಿ 16,384. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಗೊತ್ತಾಗುವುದು ಎಳೆದಾಡಿದಾಗ. ನಿಮ್ಮ ಮಂಜಿನ ಆಕಾಶವನ್ನೇ ತೆಗೆದುಕೊಳ್ಳಿ. ಮೇಲಿನಿಂದ ಕೆಳಗೆ ಅದರ ಬೆಳಕು 200ರಿಂದ 230ಕ್ಕೆ ಏರುತ್ತದೆ ಅಂತಿಟ್ಟುಕೊಳ್ಳೋಣ, ಒಟ್ಟು 30 ಮೆಟ್ಟಿಲು. 12×18 ಪ್ರಿಂಟಿನಲ್ಲಿ ಆಕಾಶ ಅರ್ಧ ತುಂಬಿದ್ದರೆ 6 ಇಂಚು, ಇಂಚಿಗೆ 300 ಪಿಕ್ಸೆಲ್‌ನಂತೆ 1,800 ಪಿಕ್ಸೆಲ್. ಅಂದರೆ ಒಂದೊಂದು ಮೆಟ್ಟಿಲೂ 60 ಪಿಕ್ಸೆಲ್, ಪ್ರಿಂಟಿನಲ್ಲಿ 5 ಮಿಲಿಮೀಟರ್ ಅಗಲ. ಇದರ ಮೇಲೆ ನೀವು ಡೀಹೇಜ್ (ಮಂಜು ತೆಗೆಯುವ ಸ್ಲೈಡರ್) ಎಳೆದು ಕಾಂಟ್ರಾಸ್ಟ್ ಇಮ್ಮಡಿ ಮಾಡಿದರೆ ಮೆಟ್ಟಿಲುಗಳ ಸಂಖ್ಯೆ ಹೆಚ್ಚುವುದಿಲ್ಲ, ಎತ್ತರ ಮಾತ್ರ ಇಮ್ಮಡಿಯಾಗುತ್ತದೆ. ಆಗ ಕಣ್ಣಿಗೆ ಪಟ್ಟೆ. ಫೋನಿನ ಅಂಗೈಯಗಲದ ಪರದೆಯಲ್ಲಿ ಅದೇ ಮೆಟ್ಟಿಲು ಕೂದಲೆಳೆಯಷ್ಟಿರುವುದರಿಂದ ಯಾರಿಗೂ ಕಂಡಿರಲಿಲ್ಲ.

ಪರಿಹಾರ: ರಾ ಫೈಲಿನಲ್ಲಿ ತೆಗೆಯಿರಿ, 16 ಬಿಟ್‌ನಲ್ಲಿ ಎಡಿಟ್ ಮಾಡಿ, ಕೊನೆಗೆ ಮಾತ್ರ ಜೆಪೆಗ್ ಮಾಡಿ. ಈಗಾಗಲೇ ಜೆಪೆಗ್ ಮಾತ್ರ ಉಳಿದಿದ್ದರೆ ಅದನ್ನು 16 ಬಿಟ್‌ಗೆ ಬದಲಿಸಿ ಎಡಿಟ್ ಮಾಡಿ, ಕಡೆಯಲ್ಲಿ ಆಕಾಶಕ್ಕೆ ಸಣ್ಣ ಗ್ರೇನ್ (ಕಾಳುಕಾಳಾದ ಚುಕ್ಕೆ) ಉದುರಿಸಿ. ಕಾಳುಗಳು ಮೆಟ್ಟಿಲಿನ ಅಂಚನ್ನು ಒಡೆಯುತ್ತವೆ. ಹೋದ ಮೆಟ್ಟಿಲು ವಾಪಸು ಬರುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ.

ಅಂದ ಹಾಗೆ, ಜೆಪೆಗ್ ಅನ್ನು ತೆರೆದು ನೋಡಿದಷ್ಟೂ ಕೆಡುತ್ತದೆ ಅನ್ನುವುದು ಸುಳ್ಳು. ತೆರೆಯುವುದರಿಂದ, ಕಾಪಿ ಮಾಡುವುದರಿಂದ ಏನೂ ಆಗುವುದಿಲ್ಲ. ಬದಲಿಸಿ ಮತ್ತೆ ಸೇವ್ ಮಾಡಿದಾಗಲೆಲ್ಲ ಸ್ವಲ್ಪ ಕಳೆಯುತ್ತದೆ. ಇವತ್ತು ಒಂದು ಆ್ಯಪ್‌ನಲ್ಲಿ, ನಾಳೆ ಇನ್ನೊಂದರಲ್ಲಿ ಅಂತ ನಾಲ್ಕು ಕಡೆ ಸುತ್ತಿಸಿದ ಚಿತ್ರ ಸೊರಗುವುದು ಹಾಗೆ.

ಬಿಳಿ ಗೆರೆಯ ಕಾರಣ ಬೇರೆ. ಕ್ಲಾರಿಟಿ, ಸ್ಟ್ರಕ್ಚರ್, ಎಚ್‌ಡಿಆರ್, ಶ್ಯಾಡೋ ಇವೆಲ್ಲ ಪ್ರತಿ ಪಿಕ್ಸೆಲ್ಲನ್ನೂ ಅದರ ನೆರೆಹೊರೆಯ ಜೊತೆ ಹೋಲಿಸಿ ವ್ಯತ್ಯಾಸ ಹಿಗ್ಗಿಸುತ್ತವೆ. ಕಪ್ಪು ಬೆಟ್ಟ, ಬಿಳಿ ಆಕಾಶ ಕೂಡುವಲ್ಲಿ ಆಕಾಶದ ಅಂಚು ಇನ್ನಷ್ಟು ಬಿಳಿಯಾಗುತ್ತದೆ, ಬೆಟ್ಟದ ಅಂಚು ಇನ್ನಷ್ಟು ಕಪ್ಪಾಗುತ್ತದೆ. ಮಂಜಿನ ಚಿತ್ರದಲ್ಲಿ ಇದು ಎದ್ದು ಕಾಣುತ್ತದೆ, ಏಕೆಂದರೆ ಮಂಜಿನಲ್ಲಿ ನಿಜವಾದ ಅಂಚು ಯಾವತ್ತೂ ಮೆತ್ತಗಿರುತ್ತದೆ. ಕ್ಲಾರಿಟಿಯನ್ನು ಮುಂಭಾಗದ ಹುಲ್ಲು, ಕಲ್ಲಿಗೆ ಮಾತ್ರ ಮಾಸ್ಕ್ ಮಾಡಿ (ಮಿಕ್ಕ ಭಾಗ ಮುಚ್ಚಿಟ್ಟು) ಕೊಡಿ, +15 ದಾಟಬೇಡಿ. ಬೆಟ್ಟಸಾಲಿನ ಹತ್ತಿರ ಸುಳಿಯಲೇ ಬೇಡಿ. ಡೀಹೇಜ್ ಅಂತೂ ಈ ಚಿತ್ರಕ್ಕೆ ಶತ್ರು: ಮಂಜನ್ನು ತೋರಿಸಲು ಬೆಟ್ಟ ಹತ್ತಿ, ಆಮೇಲೆ ಮಂಜು ತೆಗೆಯುವ ಗುಂಡಿ ಒತ್ತುವುದರಲ್ಲಿ ಅರ್ಥವಿಲ್ಲ. ಬೇಕಾದರೆ −10ಕ್ಕೆ ಇಳಿಸಿ, ಮಂಜು ಇನ್ನೂ ದಟ್ಟವಾಗುತ್ತದೆ. ಬಂದುಬಿಟ್ಟಿರುವ ಗೆರೆಯನ್ನು ಒರೆಸಲು, ಒಂದು ಜಾಗದ ಚಿತ್ರವನ್ನು ಇನ್ನೊಂದೆಡೆ ಬಳಿಯುವ ಕ್ಲೋನ್ ಬ್ರಷ್ಷಿನ ಮೋಡ್ ಅನ್ನು ಡಾರ್ಕನ್‌ಗೆ ಬದಲಿಸಿ, ಒಪಾಸಿಟಿ (ದಟ್ಟತೆ) ಶೇಕಡ 25ರಷ್ಟಿಟ್ಟು, ಪಕ್ಕದ ಆಕಾಶದಿಂದ ಮಾದರಿ ತೆಗೆದುಕೊಂಡು ಅಂಚಿನುದ್ದಕ್ಕೆ ಎಳೆಯಿರಿ. ಆ ಮೋಡ್‌ನಲ್ಲಿ ಬ್ರಷ್ ಮಾದರಿಗಿಂತ ಬಿಳಿ ಇರುವುದನ್ನು ಮಾತ್ರ ಮುಟ್ಟುತ್ತದೆ, ಬೆಟ್ಟ ಕದಲುವುದಿಲ್ಲ.

ಹುಲ್ಲಿನ ಪ್ಲಾಸ್ಟಿಕ್ ಬಣ್ಣ

ಇದು ಚಿಕ್ಕ ವಿಷಯ. ಎಲೆ, ಹುಲ್ಲು ಹಸಿರಾಗಿ ಕಂಡರೂ ಸಾಫ್ಟ್‌ವೇರಿನ ಲೆಕ್ಕದಲ್ಲಿ ಅವುಗಳ ಬಹುಪಾಲು ಬಣ್ಣ ಹಳದಿ ಮತ್ತು ಹಸಿರಿನ ನಡುವೆ ಬೀಳುತ್ತದೆ. ಹಸಿರಿನ ಸ್ಲೈಡರ್ ಎಳೆದು ಎಳೆದು "ಏನೂ ಆಗುತ್ತಿಲ್ಲ" ಅಂತ ಒಟ್ಟಾರೆ ಸ್ಯಾಚುರೇಶನ್‌ಗೆ (ಬಣ್ಣದ ತೀವ್ರತೆಗೆ) ಕೈ ಹಾಕುವುದರಿಂದ ಪ್ಲಾಸ್ಟಿಕ್ ಬಣ್ಣ ಬರುತ್ತದೆ. ಹಳದಿಯ ಸ್ಯಾಚುರೇಶನ್ ಅನ್ನು −20ರ ಹತ್ತಿರ ತನ್ನಿ, ಹಸಿರನ್ನು −10. ಮಳೆಯಲ್ಲಿ ನೆಂದ ಹುಲ್ಲಿನ ಕಡು ಹಸಿರು ಬೇಕಿದ್ದರೆ ಬಣ್ಣ ಹೆಚ್ಚಿಸದೆ ಹಳದಿ, ಹಸಿರಿನ ಲ್ಯೂಮಿನೆನ್ಸ್ (ಬೆಳಕು) ಇಳಿಸಿ. ಕಣ್ಣಿಗೆ ಗಾಢ ಅನ್ನಿಸುವುದು ಎಷ್ಟೋ ಸಲ ಕಡಿಮೆ ಬೆಳಕು.

ಮುತ್ತುಗದ ಮುದ್ದೆ

ಮುತ್ತುಗ, ಗುಲ್‌ಮೊಹರ್, ಕೆಂಪು ದಾಸವಾಳ ಇವೆಲ್ಲ ಕ್ಯಾಮೆರಾಗೆ ಕಷ್ಟದ ಹೂವುಗಳು. ಮುತ್ತುಗದ ಎಸಳಿನ ಬೆಳಕಿನಲ್ಲಿ ಕೆಂಪಿನದೇ ಪಾರುಪತ್ಯ. ಫೆಬ್ರವರಿ–ಮಾರ್ಚಿನ ಬಿಸಿಲಲ್ಲಿ ಕ್ಯಾಮೆರಾ ಒಟ್ಟಾರೆ ಬೆಳಕಿನ ಲೆಕ್ಕ ಹಾಕಿ ಎಕ್ಸ್‌ಪೋಶರ್ ಕೊಟ್ಟಾಗ ಚಿತ್ರದ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಪಾಲುಗಳಲ್ಲಿ (ಚಾನೆಲ್) ಹಸಿರು, ನೀಲಿ ಆರಾಮಾಗಿರುತ್ತವೆ, ಕೆಂಪು ಚಾನೆಲ್ 255ಕ್ಕೆ ತಲೆ ಹೊಡೆದು ನಿಂತಿರುತ್ತದೆ. ಎಸಳಿನ ಮಡಿಕೆ, ಅದರ ಮೇಲಿನ ನಯವಾದ ರೋಮ, ನೆರಳು ಎಲ್ಲದಕ್ಕೂ ಕೆಂಪು 255 ಅಂದಮೇಲೆ ಉಳಿಯುವುದು ಮುದ್ದೆಯೇ. ಅದರ ಮೇಲೆ ನೀವು ಸ್ಯಾಚುರೇಶನ್ ಕೂಡ ಕೊಟ್ಟಿದ್ದೀರಿ.

ಕ್ಯಾಮೆರಾದಲ್ಲಿ ಬಿಳಿ ಬಣ್ಣದ ಒಂದೇ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿದರೆ ಇದು ತಿಳಿಯುವುದಿಲ್ಲ. ಮೂರು ಬಣ್ಣದ ಹಿಸ್ಟೋಗ್ರಾಂ ಹಾಕಿಕೊಂಡು, ಕೆಂಪು ಬಲಗೋಡೆಗೆ ಅಂಟದಂತೆ ಎಕ್ಸ್‌ಪೋಶರ್ ಇಳಿಸಿ. ಸಾಮಾನ್ಯವಾಗಿ −0.7ರಿಂದ −1 ಸಾಕು.

ಈಗಿರುವ ಚಿತ್ರದ ರಾ ಫೈಲ್ ಇದ್ದರೆ ಆಸೆ ಬಿಡಬೇಡಿ. ಬಿಳಿ ಬಿಳಿಯಾಗೇ ಕಾಣಲೆಂದು ಮಾಡುವ ಬಿಸಿಲಿನ ವೈಟ್ ಬ್ಯಾಲೆನ್ಸ್‌ಗೆ ಕೆಂಪು ಚಾನೆಲ್ಲನ್ನು ಹೆಚ್ಚುಕಮ್ಮಿ ಎರಡರಷ್ಟು ಗುಣಿಸುವುದು ವಾಡಿಕೆ. ಸೆನ್ಸರ್‌ನಲ್ಲಿ ತುಂಬಿರದ ಕೆಂಪು, ಗುಣಿಸಿದ ಮೇಲೆ ತುಂಬಿದಂತೆ ತೋರಿರಬಹುದು. ರಾ ತೆರೆದು ಎಕ್ಸ್‌ಪೋಶರ್ ಇಳಿಸಿ ನೋಡಿ, ಎಸಳಿನ ಗೆರೆ ಮರಳಬಹುದು.

ಮರಳದಿದ್ದರೆ ಇನ್ನೊಂದು ದಾರಿ. ಕೆಂಪು ಸತ್ತಿದ್ದರೂ ಹಸಿರು ಚಾನೆಲ್‌ನಲ್ಲಿ ಎಸಳಿನ ವಿವರವೆಲ್ಲ ಜೀವಂತವಾಗಿರುತ್ತದೆ. ಗಿಂಪ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಚಿತ್ರದ ನಕಲು ಲೇಯರ್ (ಮೇಲೊಂದು ಪದರ) ಮಾಡಿ, ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗಿನ ಎಕ್ಸ್‌ಟ್ರ್ಯಾಕ್ಟ್ ಕಾಂಪೊನೆಂಟ್‌ನಿಂದ ಹಸಿರನ್ನು ಹೊರತೆಗೆಯಿರಿ. ಲೇಯರ್ ಬೂದು ಬಣ್ಣದ್ದಾಗುತ್ತದೆ. ಅದರ ಮೋಡ್ ಅನ್ನು ಲ್ಯೂಮಿನೆನ್ಸ್‌ಗೆ ಬದಲಿಸಿ, ಒಪಾಸಿಟಿ 30–40ಕ್ಕೆ ಇಳಿಸಿ, ಕಪ್ಪು ಮಾಸ್ಕ್ ಹಾಕಿ ಹೂವಿನ ಮೇಲೆ ಮಾತ್ರ ಬಿಳಿ ಬ್ರಷ್ ಆಡಿಸಿ. ಬಣ್ಣ ಕೇಸರಿಯಾಗೇ ಉಳಿದು, ಬೆಳಕು ನೆರಳು ಹಸಿರು ಚಾನೆಲ್‌ನಿಂದ ಬರುತ್ತದೆ. ಹೂವು ಒಂದು ಪಾಲು ಕಪ್ಪಾಗುವುದು ಸಹಜ. 60 ದಾಟಿಸಿದರೆ ಬಾಡಿದ ಇಟ್ಟಿಗೆಯ ಬಣ್ಣ ಬರುತ್ತದೆ, ಅಲ್ಲಿಗೆ ಹೋಗಬೇಡಿ.

ಮಂಗಟ್ಟೆಯೊಂದಿಗೆ ಆಟ

ಈ ಮೂರರಲ್ಲಿ ಸೃಜನಶೀಲ ಎಡಿಟಿಂಗ್‌ಗೆ ಹೇಳಿ ಮಾಡಿಸಿದ ಚಿತ್ರ ಇದೇ. ಬೋಳು ಕೊಂಬೆ, ಬಿಳಿ ಮೋಡದ ಆಕಾಶ, ಕಪ್ಪು ಬಿಳಿ ಹಕ್ಕಿ, ಹಳದಿ ಕೊಕ್ಕು. ಹಕ್ಕಿಯನ್ನು ಕತ್ತರಿಸದೆಯೇ ಕೈಕಾಗದದ ಮೇಲೆ ಶಾಯಿಯಲ್ಲಿ ಬರೆದಂತೆ ಮಾಡಬಹುದು.

ಇದರ ಗುಟ್ಟು ಮಲ್ಟಿಪ್ಲೈ ಮೋಡ್. ಮೇಲಿನ ಪಿಕ್ಸೆಲ್ಲನ್ನು ಕೆಳಗಿನದರಿಂದ ಗುಣಿಸಿ 255ರಿಂದ ಭಾಗಿಸುತ್ತದೆ, ಅಷ್ಟೇ ಅದರ ಕೆಲಸ. ಮೇಲೆ 255 ಇದ್ದರೆ ಕೆಳಗಿನದು ಹಾಗೇ ಉಳಿಯುತ್ತದೆ; ಅಂದರೆ ಬಿಳಿ ಆಕಾಶ ಮಾಯವಾಗಿ ಕಾಗದ ಕಾಣುತ್ತದೆ. ಮೇಲೆ 0 ಇದ್ದರೆ ಫಲ 0. ಕಪ್ಪು ರೆಕ್ಕೆ ಕಪ್ಪಾಗೇ ಇರುತ್ತದೆ. ಹಾಗಾಗಿ ಆಕಾಶ ನಿಜಕ್ಕೂ ಬಿಳಿಯಾಗಿರಬೇಕು. ಮುಂದೆ ಇಂಥ ಚಿತ್ರ ತೆಗೆಯುವಾಗ ಎಕ್ಸ್‌ಪೋಶರ್ +1.5ರಿಂದ +2 ಕೊಡಿ, ಹಕ್ಕಿಯ ಕಪ್ಪಿನಲ್ಲಿ ಗರಿಯ ವಿವರವೂ ಸಿಗುತ್ತದೆ. ಈಗಿನ ಚಿತ್ರದಲ್ಲಿ ಆಕಾಶ 230 ಇದ್ದರೆ ಲೆವೆಲ್ಸ್‌ನ ಬಿಳಿ ತುದಿಯನ್ನು 230ಕ್ಕೆ ಎಳೆಯಿರಿ. ಎಳೆಯದೆ ಹಾಗೇ ಬಿಟ್ಟರೆ ಕಾಗದ ಹತ್ತರಲ್ಲೊಂದು ಪಾಲು ಕಪ್ಪಾಗುತ್ತದೆ, ಫೋಟೊದ ಚೌಕಟ್ಟು ಕಾಗದದ ಮೇಲೆ ಅಂಟಿಸಿದ ಸ್ಟಿಕ್ಕರ್‌ನಂತೆ ಕಾಣುತ್ತದೆ. ಮಾಡಿದವರ ಕೈ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ.

ಕಾಗದವನ್ನು ನೆಟ್‌ನಿಂದ ಇಳಿಸಿಕೊಳ್ಳಬೇಡಿ; ಅದು ಬೇರೆಯವರ ಚಿತ್ರ, ಸ್ಪರ್ಧೆಯಲ್ಲಂತೂ ನೇರ ಅನರ್ಹತೆ. ಕೈಕಾಗದ, ಸುಣ್ಣ ಬಳಿದ ಗೋಡೆ, ಒಣಗಿದ ಅಡಿಕೆ ಹಾಳೆಯ ಒಳಮೈ, ಶಿರಸಿಯಲ್ಲಿ ಇದಕ್ಕೆಲ್ಲ ಬರವೇ? ನೆರಳಿನಲ್ಲಿಟ್ಟು, ಕ್ಯಾಮೆರಾ ನೇರ ಮೇಲಿಂದ ಹಿಡಿದು, ಎಫ್8ರಲ್ಲಿ ತೆಗೆಯಿರಿ. ಪಕ್ಕದಿಂದ ಬಿಸಿಲು ಬಿದ್ದರೆ ಕಾಗದದ ಉಬ್ಬುತಗ್ಗುಗಳೇ ಚಿತ್ರವನ್ನು ನುಂಗುತ್ತವೆ.

ಕೆಳಗೆ ಕಾಗದ, ಮೇಲೆ ಹಕ್ಕಿ, ಮೋಡ್ ಮಲ್ಟಿಪ್ಲೈ. ಮೊದಲ ನೋಟಕ್ಕೆ ಖುಷಿಯಾಗುತ್ತದೆ, ಆಮೇಲೆ ಹಕ್ಕಿಯ ಬಿಳಿ ಹೊಟ್ಟೆ, ಹಳದಿ ಕೊಕ್ಕಿನ ಮೇಲೂ ಕಾಗದದ ನಾರು ಹರಿದಿರುವುದು ಕಾಣುತ್ತದೆ. ಹೊಟ್ಟೆಯ ಮೇಲೆ ಇರಲಿ, ಅಂದವೇ. ಕೊಕ್ಕು, ಕಣ್ಣಿನ ಮೇಲೆ ಬೇಡ. ಕಾಗದದ ಲೇಯರ್‌ನ ಮೇಲೆ ಒಂದು ಖಾಲಿ ಲೇಯರ್ ಸೇರಿಸಿ, ಕಾಗದದ್ದೇ ಸರಾಸರಿ ಬಣ್ಣ ತೆಗೆದುಕೊಂಡು, ಕೊಕ್ಕು ಮತ್ತು ಕಣ್ಣಿನ ಅಡಿಗೆ ಬರುವಂತೆ ಮೆತ್ತನೆ ಬ್ರಷ್ಷಿನಲ್ಲಿ 60–70 ಒಪಾಸಿಟಿಯಷ್ಟು ಬಳಿಯಿರಿ. ನಾರು ಅಡಗುತ್ತದೆ, ಬಣ್ಣ ಒಂದೇ ಆಗಿರುವುದರಿಂದ ತೇಪೆ ಗೊತ್ತಾಗುವುದಿಲ್ಲ. ಇನ್ನೊಂದು ಕಿರಿಕಿರಿ ಕೊಂಬೆಯಂಚಿನ ನೇರಳೆ ಗೆರೆ. ಬಿಳಿ ಆಕಾಶದ ಎದುರು 70–300 ಲೆನ್ಸ್‌ಗಳಲ್ಲಿ ಇದು ಮಾಮೂಲಿ. ಕಾಗದದ ಮೇಲೆ ಬಂದರೆ ಶಾಯಿ ಸೋರಿದಂತಿರುತ್ತದೆ. ರಾ ಹಂತದಲ್ಲೇ ಕ್ರೊಮ್ಯಾಟಿಕ್ ಅಬರೇಶನ್ ತಿದ್ದುಪಡಿ ಹಾಕಿ. ಫೋನಿನಲ್ಲೇ ಮಾದರಿ ನೋಡಬೇಕೆಂದರೆ ಸ್ನ್ಯಾಪ್‌ಸೀಡ್ ಆ್ಯಪ್‌ನ ಡಬಲ್ ಎಕ್ಸ್‌ಪೋಶರ್‌ನಲ್ಲಿ ಡಾರ್ಕನ್ ಆರಿಸಿ, ಇದರ ಹತ್ತಿರಕ್ಕೆ ಬರುತ್ತದೆ.

ಬೆಟ್ಟಸಾಲಿಗೆ ಈ ಕಾಗದ ಹಾಕಲು ಹೋಗಬೇಡಿ. ಮಂಜಿಗೆ ಅದರದೇ ನಯವಿದೆ, ನಾರು ಸೇರಿದರೆ ಹಳೇ ಕ್ಯಾಲೆಂಡರ್. ಅಲ್ಲಿ ಆರ್ಟನ್ ವಿಧಾನ ಒಪ್ಪುತ್ತದೆ. ಕೆನಡಾದ ಮೈಕೆಲ್ ಆರ್ಟನ್ 1980ರ ದಶಕದಲ್ಲಿ ಎರಡು ಸ್ಲೈಡ್‌ಗಳನ್ನು, ಒಂದು ಚೂಪು, ಇನ್ನೊಂದು ಫೋಕಸ್ ತಪ್ಪಿಸಿದ್ದು, ಒಂದರ ಮೇಲೊಂದಿಟ್ಟು ಮಾಡುತ್ತಿದ್ದ ತಂತ್ರ. ಈಗ ಚಿತ್ರದ ನಕಲು ಲೇಯರ್‌ಗೆ 24 ಮೆಗಾಪಿಕ್ಸೆಲ್ ಫೈಲಾದರೆ 20–25 ಪಿಕ್ಸೆಲ್‌ನ ಗಾಸಿಯನ್ ಬ್ಲರ್ ಕೊಟ್ಟು, ಸಾಫ್ಟ್ ಲೈಟ್ ಮೋಡ್‌ನಲ್ಲಿ 15–20 ಒಪಾಸಿಟಿಗೆ ಇಳಿಸಿದರಾಯಿತು. ಸಾಫ್ಟ್ ಲೈಟ್ ಕಪ್ಪನ್ನು ಇನ್ನಷ್ಟು ಕಪ್ಪು ಮಾಡುತ್ತದೆ, ಹಸಿರಿಗೆ ಬಣ್ಣ ಏರಿಸುತ್ತದೆ. ಬ್ಲರ್ ಆದ ಲೇಯರ್‌ನ ಸ್ಯಾಚುರೇಶನ್ −20 ಮಾಡಿ, ಮುಂದಿನ ಕಲ್ಲು ಹುಲ್ಲನ್ನು ಮಾಸ್ಕ್‌ನಿಂದ ಹೊರಗಿಡಿ. ಒಪಾಸಿಟಿ 40 ಮುಟ್ಟಿತೆಂದರೆ ಕನ್ನಡಕಕ್ಕೆ ಊದಿದ ಹಬೆ.

ಎಲೆಗಳು ಹಿಮದಂತೆ ಬೆಳ್ಳಗೆ ಕಾಣುವ ಇನ್‌ಫ್ರಾರೆಡ್ ನೋಟಕ್ಕೂ ಮುಂದೊಂದು ದಿನ ನೀವು ಮನಸ್ಸು ಮಾಡಬಹುದು. ಅದಕ್ಕೆ ಬಿಸಿಲು ಬೇಕು, ನೀಲಿ ಆಕಾಶ ಬೇಕು, ಮಳೆಗಾಲದ ಚಿತ್ರದಲ್ಲಿ ಆಗದು. ಕಪ್ಪು ಬಿಳುಪಿಗೆ ತಂದು ಹಳದಿ, ಹಸಿರು ಏರಿಸಿ ನೀಲಿ ಇಳಿಸಿದರೆ ಅನುಕರಣೆ ಬರುತ್ತದೆ, ನೀಲಿಯನ್ನು −50ಕ್ಕಿಂತ ಕೆಳಗೆ ತಂದರೆ ಆಕಾಶದಲ್ಲಿ ಮಚ್ಚೆಗಳೇಳುತ್ತವೆ. ಅಸಲಿಯೇ ಬೇಕೆಂದರೆ ಹಳೆಯ ಕ್ಯಾಮೆರಾವನ್ನು 720 ನ್ಯಾನೊಮೀಟರ್ ಫಿಲ್ಟರಿಗೆ ಮಾರ್ಪಡಿಸಿಕೊಳ್ಳಬೇಕು.

ಆಕಾಶ ಬದಲಿಸುವ ಎಐ ಗುಂಡಿಯ ಬಗ್ಗೆ ನನ್ನ ಅಭಿಪ್ರಾಯ ನೇರ: ಕಲಿಯುವ ಹಂತದಲ್ಲಿ ಬೇಡ. ಹೊಸ ಆಕಾಶದ ಬೆಳಕು ಒಂದು ದಿಕ್ಕಿನಿಂದ, ಬೆಟ್ಟದ ಮೇಲಿನದು ಇನ್ನೊಂದು ದಿಕ್ಕಿನಿಂದ ಬರುತ್ತದೆ. ಕೆರೆಯಿದ್ದರೆ ಪ್ರತಿಬಿಂಬ ಹಳೆಯ ಆಕಾಶದ್ದೇ ಉಳಿಯಬಹುದು. ನೋಡುವವರಿಗೆ ಏನು ತಪ್ಪು ಅಂತ ಹೇಳಲು ಬಾರದಿದ್ದರೂ ಏನೋ ತಪ್ಪಿದೆ ಅನ್ನಿಸಿಬಿಡುತ್ತದೆ.

ಸಾಫ್ಟ್‌ವೇರ್, ಪ್ರಿಂಟ್

ಖರ್ಚು ಮಾಡಬೇಕಾಗಿಲ್ಲ. ರಾ ಫೈಲಿಗೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ, ಲೇಯರ್ ಕೆಲಸಕ್ಕೆ ಗಿಂಪ್, ಮೂರೂ ಉಚಿತ. ಗಿಂಪ್ 2018ರ 2.10 ಆವೃತ್ತಿಯಿಂದಲೇ 16 ಬಿಟ್‌ನಲ್ಲಿ ಕೆಲಸ ಮಾಡುತ್ತದೆ. ಹಾರ್ಡ್‌ಡಿಸ್ಕ್ ಜಾಗಕ್ಕೆ ಮಾತ್ರ ಸಿದ್ಧರಾಗಿ: 24 ಮೆಗಾಪಿಕ್ಸೆಲ್ ಚಿತ್ರ 16 ಬಿಟ್ ಟಿಫ್ ಆದರೆ, ಪಿಕ್ಸೆಲ್ಲಿಗೆ 6 ಬೈಟ್‌ನಂತೆ, 144 ಎಂಬಿ. ಲೇಯರ್‌ಗಳು ಸೇರಿದರೆ ಇನ್ನೂ ಹೆಚ್ಚು.

ಮೊದಲು ರಾನಲ್ಲಿ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್, ಲೆನ್ಸ್ ದೋಷ, ನಾಯ್ಸ್ ಸರಿಮಾಡಿ 16 ಬಿಟ್ ಟಿಫ್ ತೆಗೆಯಿರಿ. ಆ ಫೈಲ್ ಸಾಧಾರಣ ಚಿತ್ರವಾಗಿಯೇ ಚೆನ್ನಾಗಿ ಕಾಣಬೇಕು. ಕಾಣದಿದ್ದರೆ ಕಾಗದ, ಆರ್ಟನ್ ಯಾವುದೂ ಅದನ್ನು ಎತ್ತುವುದಿಲ್ಲ. ಆಮೇಲೆ ಒಂದು ಚಿತ್ರಕ್ಕೆ ಒಂದೇ ತಂತ್ರ. ರಾತ್ರಿ ಮುಗಿಸಿ ಮಲಗಿ, ಬೆಳಿಗ್ಗೆ ನೋಡಿ. ಸಾಮಾನ್ಯವಾಗಿ ಒಪಾಸಿಟಿ ಮೂರನೇ ಒಂದು ಪಾಲು ಇಳಿಸಬೇಕೆನಿಸುತ್ತದೆ. ಅಳತೆಗೆ ತಂದು ಶಾರ್ಪ್ ಮಾಡುವುದು ಕಟ್ಟಕಡೆಗೆ.

ಲ್ಯಾಬಿಗೆ ಕೊಡುವಾಗ ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಬಣ್ಣದ ಅಳತೆ) ಬಣ್ಣಕ್ಕೆ ಬದಲಿಸಿದ ಜೆಪೆಗ್, ಗುಣಮಟ್ಟ 90ರ ಮೇಲೆ. ಅಡೋಬಿ ಆರ್‌ಜಿಬಿಯಲ್ಲಿ ಕೊಟ್ಟು ಲ್ಯಾಬಿನವರು ಪ್ರೊಫೈಲ್ ಗಮನಿಸದಿದ್ದರೆ ಹಸಿರೆಲ್ಲ ಸಪ್ಪೆಯಾಗಿ ಬರುತ್ತದೆ. ಪರದೆ ಬೆಳಕು ಚೆಲ್ಲುತ್ತದೆ, ಕಾಗದ ಚೆಲ್ಲುವುದಿಲ್ಲ. ಪರದೆಯ ಬೆಳಕನ್ನು ಅರ್ಧಕ್ಕಿಳಿಸಿ ಎಡಿಟ್ ಮಾಡಿ. ಪೂರ್ತಿ 12×18 ಹಾಕಿಸುವ ಮೊದಲು, ಬೆಟ್ಟದಂಚು, ಆಕಾಶ, ಹೂವು ಬರುವಂತೆ ಅದೇ ಅಳತೆಯ ಫೈಲಿನಿಂದ 4×6ರ ತುಂಡುಗಳನ್ನು ಕತ್ತರಿಸಿ ಪ್ರಿಂಟ್ ಹಾಕಿಸಿ, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿ. ಕಾಗದದ ಮೇಲಿನ ಮಂಗಟ್ಟೆಗೂ ಮಂಜಿಗೂ ಹೊಳಪಿಲ್ಲದ ಮ್ಯಾಟ್ ಕಾಗದವೇ ಸರಿ. ಮುತ್ತುಗಕ್ಕೆ ಅರೆಹೊಳಪಿನ ಲಸ್ಟರ್ ಇರಲಿ, ಮ್ಯಾಟ್‌ನಲ್ಲಿ ಆ ಕೇಸರಿ ಮಂಕಾಗುತ್ತದೆ.

ಕೊನೆಯ ಪ್ರಶ್ನೆಗೆ: ಐನ್ಯಾಚುರಲಿಸ್ಟ್‌ಗೆ, ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್‌ಗೆ ಈ ಚಿತ್ರಗಳನ್ನು ಹಾಕಬೇಡಿ. ಅಲ್ಲಿ ನಿಮ್ಮ ಚಿತ್ರ ದಾಖಲೆ. ಪೊದೆಗಪ್ಪೆಗಳಂಥ ಜೀವಿಗಳಲ್ಲಿ ತೊಡೆಯ ಬಣ್ಣ, ಬೆನ್ನಿನ ಗುರುತು ನೋಡಿಯೇ ಜಾತಿ ಹೇಳುವುದುಂಟು. ಬಣ್ಣ ತಿರುಗಿಸಿದ ಚಿತ್ರ ಗುರುತಿಸುವವರ ದಾರಿ ತಪ್ಪಿಸುತ್ತದೆ. ಎಐ ಶಾರ್ಪನಿಂಗ್ ಇನ್ನೂ ಅಪಾಯ, ಇಲ್ಲದ ಗರಿಯ ಗೆರೆಗಳನ್ನು ತಾನೇ ಬರೆದುಬಿಡುತ್ತದೆ. ಅಲ್ಲಿಗೆ ಬೆಳಕು ಸರಿಪಡಿಸಿ ಕ್ರಾಪ್ ಮಾಡಿದ ಮೂಲ ಚಿತ್ರ ಹೋಗಲಿ. ಎರಡು ಫೋಲ್ಡರ್ ಮಾಡಿಕೊಂಡು, ಆಟದ ಫೈಲುಗಳ ಹೆಸರಿನ ಕೊನೆಗೆ "ಆಟ" ಅಂತಲೇ ಸೇರಿಸಿಡಿ, ಆರು ತಿಂಗಳ ಮೇಲೆ ಯಾವುದು ಯಾವುದೆಂದು ನಿಮಗೇ ಗೊಂದಲವಾಗದು.